ಬಳಿಯದೆ ಬಿಟ್ಟ ಮಸಿ

ಬೇಸಿನ್ನಿನ ಮುಂದೆ ನಿಂತು ಕೈ ಉಜ್ಜಿ ಉಜ್ಜಿ ಸಾಕಾಗಿತ್ತು. ನಮ್ಮ ಪ್ರಯೋಗಾಲಯದ ಹಣೆಬರಹವೇ ಇದು: ಪರೀಕ್ಷೆಗೆ ಬರುವ ನಾಣ್ಯದಗಲದ ಪ್ರತಿ ಬಿಲ್ಲೆಗೂ ಎರಡೂ ಕಡೆ ಗ್ರಾಫೈಟ್ ಮಸಿ ಬಳಿಯಬೇಕು. ಕೆಳಗಿನಿಂದ ಲೇಸರ್ ಒಮ್ಮೆ ಮಿಂಚುತ್ತದೆ, ಮಸಿ ಅದನ್ನು ಹೀರಿ ಬಿಸಿಯಾಗುತ್ತದೆ. ಆ ಬಿಸಿ ಮೇಲಿನ ಮುಖಕ್ಕೆ ಎಷ್ಟು ಬೇಗ ಏರಿತು ಎಂದು ಯಂತ್ರ ಅಳೆಯುತ್ತದೆ.

ನಿನ್ನೆ ಸಂಜೆ ಗಂಡ ಛೇಡಿಸಿದ್ದು ನೆನಪಾಯಿತು. "ಏನ್ ಮೇಡಂ, ಇವತ್ತು ಕೈಯೆಲ್ಲ ಬೆಳ್ಳಗೆ! ಕೆಲಸಕ್ಕೆ ಚಕ್ಕರ್ ಹೊಡೆದ್ರಾ?" ನಾನೂ ಹಲ್ಲು ಕಿರಿದಿದ್ದೆ.

ಕೈಯೆಲ್ಲ ಬೆಳ್ಳಗೆ? ನಲ್ಲಿ ನಿಲ್ಲಿಸಿದೆ. ನಿನ್ನೆ ನಾನು ಅಳೆದದ್ದು ಅಕ್ಕನ ಬಿಲ್ಲೆಯೊಂದನ್ನೇ.

ಅಕ್ಕನದು ಸಣ್ಣ ಭಟ್ಟಿ. ಬಿಸಿ ತಡೆಯುವ ಬಿಳಿ ಪಿಂಗಾಣಿ ಹಲಗೆಗಾಗಿ ವರ್ಷಗಟ್ಟಲೆ ಮಣ್ಣು ಕಲಸಿ ಸುಟ್ಟವಳು. ಆ ಪಿಂಗಾಣಿಯಿಂದ ತೆಳುವಾದ ಬಿಲ್ಲೆ ಕೊಯ್ದರೆ ಬೆಳಕು ಆಚೆಗೆ ಹಾಯುತ್ತದೆ. ಮಸಿ ಇಲ್ಲದಿದ್ದರೆ ಲೇಸರಿನ ಬೆಳಕೇ ನೇರ ಮೇಲಕ್ಕೆ ತೂರಿಬಿಡುತ್ತದೆ. ಯಂತ್ರ, ಪಾಪ, ಬಿಸಿಯೇ ಅಷ್ಟು ಬೇಗ ಬಂತೆಂದು ತಿಳಿಯುತ್ತದೆ. ಅವಳ ಬಿಲ್ಲೆ ಇಟ್ಟಿದ್ದ ಡಬ್ಬಿ ತೆರೆದೆ. ಬಿಲ್ಲೆ ಹಾಲಿನಷ್ಟು ಬೆಳ್ಳಗಿತ್ತು. ನಿನ್ನೆ ಮನೆಗೆ ಹೋಗುವ ಅವಸರದಲ್ಲಿ ಮಸಿಯನ್ನೇ ಮರೆತು, "ಅಕ್ಕ, ಇದು ಬಿಸಿ ತಡಿಯಲ್ಲ, ಬಿಟ್ಬಿಡು" ಎಂದು ಫೋನಿನಲ್ಲಿ ದೊಡ್ಡ ಪಂಡಿತೆಯ ಹಾಗೆ ಹೇಳಿದ್ದೆ. ಥೂ, ನನ್ನ ಬಾಯಿಗಿಷ್ಟು ಬೆಂಕಿ ಬೀಳ!

ಫೋನು ಮಾಡಿದರೆ ಎತ್ತಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಓಡಿದೆ.

ಅವಳ ಶೆಡ್ಡಿನ ಬಾಗಿಲಲ್ಲೇ ಸುತ್ತಿಗೆಯ ಸದ್ದು ಕೇಳಿಸಿತು. ಅಕ್ಕ ನೆಲದ ಮೇಲೆ ಕೂತು ಹಲಗೆಗಳನ್ನು ಒಡೆಯುತ್ತಿದ್ದಳು.

"ಬಂದ್ಯಾ? ಪುಡಿ ಮಾಡಿದ್ರೆ ಬೇರೆ ಮಣ್ಣಿಗಾದ್ರೂ ಸೇರಿಸ್ಬಹುದು ಅಂತ," ಎಂದಳು. ಅತ್ತು ಕಣ್ಣು ಊದಿತ್ತು. "ನೀನ್ಯಾಕೆ ಮುಖ ಸಣ್ಣ ಮಾಡ್ಕೊಂಡಿದೀಯ? ನಿನ್ನ ತಪ್ಪೇನಿದೆ? ಬೇರೆಯವರಾಗಿದ್ರೆ ಇನ್ನೊಂದ್ಸಲ ಅಳೀರಿ ಅಂತ ಜಗಳ ಆಡ್ತಿದ್ದೆ. ನೀನು ಹೇಳಿದ್ಮೇಲೆ ಮುಗೀತಲ್ಲ."

ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ಯಂತ್ರ ಕೆಟ್ಟಿತ್ತು ಎಂಬ ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ನಾಚಿಕೆಯಾಗಿ ನುಂಗಿಕೊಂಡೆ.

"ಅಕ್ಕ, ತಪ್ಪು ನಂದೇ. ನಾನು ಮಸಿ ಬಳಿದೇ ಇರಲಿಲ್ಲ. ನಿನ್ನ ಹಲಗೆನ ನಾನು ಸರಿಯಾಗಿ ಅಳೆದೇ ಇಲ್ಲ."

ಸುತ್ತಿಗೆ ನಿಂತಿತು. ಅವಳು ಬೈಯಲಿಲ್ಲ; ಎರಡೇಟು ಹಾಕಿದ್ದರೂ ನನಗೆ ಸಮಾಧಾನವಾಗುತ್ತಿತ್ತು. ಚೂರುಗಳ ನಡುವೆ ಉಳಿದಿದ್ದ ಒಂದೇ ಹಲಗೆಯನ್ನು ಬಟ್ಟೆಯಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಎದ್ದಳು. ನಾನು ಕೈ ಚಾಚಿದೆ. ಕೊಡಲಿಲ್ಲ.

"ನಡಿ," ಎಂದಳು. "ಈ ಸಲ ನೀನು ಮಸಿ ಬಳಿಯೋವಾಗ ನಾನು ಪಕ್ಕದಲ್ಲೇ ನಿಂತಿರ್ತೀನಿ."