ಬೆರಳಲ್ಲಿ ಓದಿದ ಲಗ್ನಪತ್ರಿಕೆ

ಸಣ್ಣ ಸ್ಟ್ರೋಕ್ ಆಗಿ ಪುತ್ತೂರಿನ ಆಸ್ಪತ್ರೆಯಲ್ಲಿ ಆರು ದಿನ ಮಲಗಿ ಮಂಡೆಕೋಲಿನ ಮನೆಗೆ ಬಂದ ಮರುದಿನ ಬೆಳಿಗ್ಗೆ ನನ್ನ ಗಂಡ ಪೇಪರ್ ಬಿಡಿಸಿ, "ಇದೆಂತ, ಮಲಯಾಳಂ ಪೇಪರ್ ತಂದದ್ದಾ?" ಎಂದರು.

ನಮ್ಮದು ಕೇರಳದ ಗಡಿಯ ಊರು, ಅಂಗಡಿಯಲ್ಲಿ ಎರಡೂ ಪೇಪರ್ ಸಿಗುತ್ತವೆ. ಇಣುಕಿ ನೋಡಿದರೆ ಅಪ್ಪಟ ಕನ್ನಡ. ಕನ್ನಡಕ ಹಾಕಿಕೊಳ್ಳದೆ ನನ್ನ ತಲೆ ತಿನ್ನಬೇಡಿ ಎಂದು ಗದರಿದೆ. ಕನ್ನಡಕ ಮೂಗಿನ ಮೇಲೆಯೇ ಇತ್ತು.

ಮತ್ತೆ ಆಸ್ಪತ್ರೆಗೆ ಓಡಿದೆವು. ಮಿದುಳಿನಲ್ಲಿ ಓದುವ ಜಾಗವೊಂದೇ ಕೆಟ್ಟಿದೆ ಎಂದರು ಡಾಕ್ಟರು. ಮಾತು ಸರಿ, ಕೈಕಾಲು ಸರಿ, ಬರೆಯುವುದೂ ಸರಿ. ಬರೆದದ್ದನ್ನು ಮರುಗಳಿಗೆ ಓದಲು ಮಾತ್ರ ಬಾರದು. ಇಂಥ ವಿಚಿತ್ರ ಕಾಯಿಲೆಗೆ ನಮ್ಮ ಮನೆಯೇ ಬೇಕಿತ್ತೇ ಎಂದು ನನಗೆ ಸಿಟ್ಟು. ಅತ್ತರೆ ಇವರು ಹೆದರುತ್ತಾರೆಂದು ಬೈಯುತ್ತಲೇ ಇದ್ದೆ.

ಮಗಳು ಮೋಕ್ಷಿತಾಳ ನಿಶ್ಚಿತಾರ್ಥಕ್ಕೆ ಇಪ್ಪತ್ತೇ ದಿನ ಉಳಿದಿತ್ತು. ಹುಡುಗ ಭವಿತ್, ಅರಂತೋಡಿನವನು. ಆ ದಿನ ಹುಡುಗಿಯ ತಂದೆ ಎರಡೂ ಕಡೆಯವರ ಎದುರು ಲಗ್ನಪತ್ರಿಕೆ ಓದುವುದು ನಮ್ಮ ಮನೆತನದ ಪದ್ಧತಿ. ಇವರು ಜೀಪು ಓಡಿಸುವವರಾದರೂ ಅಕ್ಷರ ಮುತ್ತಿನಂಥದು. ಊರಿನ ಅರ್ಧ ಲಗ್ನಪತ್ರಿಕೆ ಇವರೇ ಬರೆದದ್ದು, ಮಗಳದ್ದನ್ನೂ ಬರೆದಿಟ್ಟರು.

"ಓದುದು ನಿಮ್ಮ ತಮ್ಮ ತ್ಯಾಂಪಣ್ಣ ಓದಲಿ," ಎಂದೆ.

"ನನ್ನ ಮಗಳದ್ದು ನಾನೇ ಓದುದು."

"ನೀವು ತಡವರಿಸಿದರೆ ಅವರು ಎಂತ ಎಣಿಸ್ತಾರೆ? ಸಂಬಂಧ ಬೇಡ ಅಂದರೆ?"

"ಮತ್ತೆ ಮುಚ್ಚಿಟ್ಟು ಮದುವೆ ಮಾಡುದಾ?"

ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಇವರೊಂದು ದಾರಿ ಕಂಡುಕೊಂಡಿದ್ದರು. ಅಕ್ಷರದ ಮೇಲೆ ಬರೆಯುವ ಹಾಗೆಯೇ ಬೆರಳು ಆಡಿಸಿದರೆ, ಕಣ್ಣಿಗೆ ತಿಳಿಯದ್ದು ಕೈಗೆ ತಿಳಿಯುತ್ತಿತ್ತು. ಒಂದು ಸಾಲು ಮುಗಿಯುವಷ್ಟರಲ್ಲಿ ನನ್ನ ಅನ್ನ ಬೇಯುತ್ತಿತ್ತು. ಬಾಯಿಪಾಠ ಮಾಡಿ ಎಂದರೆ, ಅದು ಓದಿದ ಹಾಗಲ್ಲ ಎಂಬ ಹಠ.

ನಿಶ್ಚಿತಾರ್ಥದ ದಿನ ನಮ್ಮ ಮನೆಯ ಚಾವಡಿ ತುಂಬಿತ್ತು. ಇವರು ಕಾಗದ ಬಿಡಿಸಿ ಮೊದಲೇ ಹೇಳಿಬಿಟ್ಟರು: "ಮಂಡೆಯ ಒಳಗೆ ತೊಂದರೆ ಆಗಿ ನನಗೆ ಓದ್ಲಿಕ್ಕೆ ಆಗುದಿಲ್ಲ. ಬೆರಳಲ್ಲಿ ಓದ್ತೇನೆ. ಸ್ವಲ್ಪ ತಡ ಉಂಟು."

ನನಗೆ ಮೋಕ್ಷಿತಾಳ ಮುಖ ನೋಡುವ ಧೈರ್ಯವಾಗಲಿಲ್ಲ. ಭವಿತ್‌ನ ತಂದೆ ಚಕ್ಕಳಮಕ್ಕಳ ಹಾಕಿ ಕುಳಿತು, "ನಿಧಾನ ಓದಿ ಮಾರಾಯ್ರೆ, ಊಟಕ್ಕೆ ಇನ್ನೂ ಹೊತ್ತುಂಟು," ಎಂದರು.

ಬೆರಳು ಹೊರಟಿತು. ದಿನ, ಮುಹೂರ್ತ ದಾಟಿ, "ಮಂಡೆಕೋಲಿನ ದುಗ್ಗಪ್ಪ ಗೌಡ ಮತ್ತು ಶ್ರೀಮತಿ" ಎಂಬಲ್ಲಿ ನಿಂತಿತು. ಮುಂದೆ ಹೋಯಿತು, ಹಿಂದೆ ಬಂತು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಇವರು ನನ್ನನ್ನು "ಇವಳೇ" ಎಂದು ಕರೆದದ್ದೇ ಹೊರತು ಹೆಸರು ಹಿಡಿದದ್ದಿಲ್ಲ. ಯಾರೋ ಕೆಮ್ಮಿದರು. ನನಗೆ ತಡೆಯಲಾಗಲಿಲ್ಲ.

"ಕುಮುದಿನಿ ಅಂತ," ಎಂದೆ ಬಾಗಿಲ ಬಳಿಯಿಂದ.

ಇವರು ತಲೆಯೆತ್ತಿದರು. "ಹೆಂಡತಿಯ ಹೆಸರು ನನಗೆ ಗೊತ್ತುಂಟು. ನೀನು ಸುಮ್ಮನಿರು, ನಾನು ಓದ್ತಾ ಇರುದು."

ಎಲ್ಲರೂ ನಕ್ಕರು. ಇವರು ಮತ್ತೆ ಬಗ್ಗಿ, ಮೊದಲ ಅಕ್ಷರದ ಮೇಲೆ ಬೆರಳಿಟ್ಟರು.

"ಕು," ಎಂದರು. "ಮು."

ನಾನು ಸೆರಗನ್ನು ಬಾಯಿಗೆ ಒತ್ತಿಕೊಂಡೆ.

"ದಿ. ನಿ." ಆಮೇಲೆ ನಾಲ್ಕನ್ನೂ ಕೂಡಿಸಿ, ಇಡೀ ಚಾವಡಿಗೆ ಕೇಳುವಂತೆ ನನ್ನ ಹೆಸರು ಓದಿದರು.