ಸಹಿ ಹಾಕಿದ್ದು ನೀವೇ ತಾನೆ?

ಮಗಳ ಎಡಗಿವಿ ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದ ಮಾರನೆಯ ದಿನವೇ ಸಿಂಧು ದೇವನಹಳ್ಳಿಯ ಚರ್ಚಿಗೆ ಹೋದಳು. ಆವತಿಯ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದ ಅವಳು ಅಂದಿನ ಕೆಲಸ ಬೇರೆಯವರಿಗೆ ಒಪ್ಪಿಸಿ ಬಂದಿದ್ದಳು. ಗಂಡ ದೇವೇಂದ್ರ ಬೈಕಿಗೆ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಅವಳು ಆಫೀಸಿನ ಒಳಗಿದ್ದಳು.

ಚರ್ಚಿನ ಹಿಂದಿನ ಸಭಾಂಗಣದಲ್ಲಿ ಎರಡು ವರ್ಷದಿಂದ ಕರಾಟೆ ತರಗತಿ ನಡೆಯುತ್ತಿತ್ತು. ಯಾವ ಧರ್ಮದ ಮಕ್ಕಳಾದರೂ ಬರಬಹುದು ಎಂದು ಚರ್ಚಿನವರೇ ಕರಪತ್ರ ಹಂಚಿದ್ದರು. ಸಿಂಧುವಿನ ಮಗಳು, ಎಂಟನೇ ಕ್ಲಾಸಿನ ಯಶಸ್ವಿನಿ, ಹಟ ಮಾಡಿ ಸೇರಿದ್ದಳು. ಹಸಿರು ಬೆಲ್ಟು ಬಂದ ದಿನ ಅದನ್ನು ಕಟ್ಟಿಕೊಂಡೇ ಊಟಕ್ಕೆ ಕೂತಿದ್ದಳು.

ಮೂರು ವಾರದ ಹಿಂದೆ ಮಾಸ್ಟರ್ ನವೀನ್‌ಕುಮಾರ್ ಅವಳನ್ನು ಕಾಲೇಜು ಓದುವ ಹುಡುಗನೊಬ್ಬನ ಎದುರು ನಿಲ್ಲಿಸಿದ್ದ. ತಲೆಗೆ ಹೆಲ್ಮೆಟ್ ಇರಲಿಲ್ಲ. ನೆಲಕ್ಕೆ ಹಾಸುವ ದಪ್ಪ ಮ್ಯಾಟುಗಳೂ ಇರಲಿಲ್ಲ, ಬರಿ ಗ್ರಾನೈಟ್. ಹುಡುಗ ಕಾಲು ಕೊಟ್ಟು ಬೀಳಿಸಿದ. ಯಶಸ್ವಿನಿಯ ತಲೆ ನೆಲಕ್ಕೆ ಬಡಿಯಿತು. ಕಿವಿಯಿಂದ ರಕ್ತ ಬರುತ್ತಿದ್ದರೂ ಮಾಸ್ಟರ್ ಮುಖಕ್ಕೆ ನೀರು ಚಿಮುಕಿಸಿ, ಮುಕ್ಕಾಲು ಗಂಟೆ ಮೂಲೆಯಲ್ಲಿ ಕೂರಿಸಿದ್ದ. ಮನೆಗೆ ಫೋನು ಮಾಡಿದ್ದು ಜೊತೆಯಲ್ಲಿ ಕಲಿಯುತ್ತಿದ್ದ ಹುಡುಗಿ. ಕಿವಿಯ ಹಿಂದಿನ ಮೂಳೆ ಬಿರುಕು ಬಿಟ್ಟಿತ್ತು.

ಚರ್ಚಿನ ಸಮಿತಿಯ ಕಾರ್ಯದರ್ಶಿ ಸಂಜೀವಪ್ಪ ಕುರ್ಚಿ ತೋರಿಸಿದ. "ಕೂತ್ಕೊಳಮ್ಮ. ನಿಮ್ಮ ಮಗಳಿಗೋಸ್ಕರ ಪ್ರತಿ ವಾರ ಪ್ರಾರ್ಥನೆ ಮಾಡ್ತಿದೀವಿ."

"ಮಾಡಿ, ಬೇಡ ಅನ್ನಲ್ಲ. ಅವತ್ತು ಮ್ಯಾಟು ಎಲ್ಲಿತ್ತು, ಅದ್ಹೇಳಿ."

"ಅದು ಮಾಸ್ಟ್ರನ್ನ ಕೇಳ್ಬೇಕು. ನಾವು ಜಾಗ ಕೊಟ್ಟಿದೀವಿ ಅಷ್ಟೆ."

"ಮಾಸ್ಟ್ರು ಚರ್ಚ್‌ನೋರ್ನ ಕೇಳಿ ಅಂತಾರೆ. ನೀವಿಬ್ರೂ ಸೇರಿ ನನ್ನ ಮಗೂನ ಚೆಂಡು ಮಾಡ್ಕೊಂಡಿದೀರಾ?"

ಸಂಜೀವಪ್ಪ ಡ್ರಾಯರಿನಿಂದ ಹಾಳೆಯೊಂದನ್ನು ತೆಗೆದು ಅವಳತ್ತ ತಿರುಗಿಸಿದ. ತರಬೇತಿಯಲ್ಲಿ ಏನೇ ಪೆಟ್ಟಾದರೂ ಯಾರೂ ಹೊಣೆಯಲ್ಲ ಎಂದು ಅದರಲ್ಲಿ ಬರೆದಿತ್ತು.

"ಸಹಿ ಹಾಕಿದ್ದು ನೀವೇ ತಾನೆ?"

ಅವಳದೇ ಸಹಿ. ಓದದೆ ಹಾಕಿದ್ದಳು. ಮೊದಲು ತನ್ನ ಮೇಲೇ ಸಿಟ್ಟು ಬಂತು. ತಲೆ ಎತ್ತಿ ನೋಡಿದರೆ ಸಂಜೀವಪ್ಪನ ತುಟಿಯಲ್ಲಿ ಸಣ್ಣ ನಗು. ಅದನ್ನು ಕಂಡು ಅವಳ ಮೈಯೆಲ್ಲ ಉರಿದುಹೋಯಿತು.

"ಒಂದು ಕ್ಯಾನ್ ಹಾಲು ಒಡೆದ್ರೂ ಯಾಕೆ ಒಡೀತು ಅಂತ ನಾನು ಡೇರಿಲಿ ಬರ್ಕೊಡ್ಬೇಕು ಸಾರ್. ಇಲ್ಲಿ ಮಗು ತಲೆ ಒಡೆದಿದೆ. ಬರ್ಕೊಡಕ್ಕೆ ಒಬ್ರೂ ಇಲ್ವಾ?"

ಅಷ್ಟರಲ್ಲಿ ಒಳಗೆ ಬಂದಿದ್ದ ದೇವೇಂದ್ರ ಹಾಳೆಯ ಫೋಟೊ ತೆಗೆದುಕೊಂಡು, ಅವಳ ಕೈಹಿಡಿದು ಹೊರಗೆ ಕರೆತಂದ. ಗೇಟಿನ ಹತ್ತಿರ ಚರ್ಚಿನ ಕಸ ಗುಡಿಸುವ ಮುನಿತಾಯಮ್ಮ ಅವರನ್ನು ತಡೆದಳು.

"ಮ್ಯಾಟೆಲ್ಲ ಸಂಜೀವಪ್ನೋರೇ ಸಾಗ್ಸಿದ್ದು ಕಣವ್ವ, ಬೇರೆ ಊರಿನ ಪ್ರಾರ್ಥನೆ ಕೂಟಕ್ಕೆ, ಪೆಂಡಾಲ್ ಕೆಳಗೆ ಹಾಸಕ್ಕೆ. ಮಕ್ಳು ಬೀಳ್ತವೆ ಸ್ವಾಮಿ ಅಂತ ಎಲ್ಡು ಸಲ ಹೇಳ್ದೆ. ನಿಂಗ್ಯಾಕೆ, ಕಸ ಗುಡ್ಸು ಅಂದ್ರು. ಮಾಸ್ಟ್ರೂ ಅಲ್ಲೇ ನಿಂತಿದ್ರು."

"ಇದನ್ನ ಪೊಲೀಸ್ ಸ್ಟೇಷನ್‌ನಲ್ಲಿ ಹೇಳ್ತೀರಾ ಅಕ್ಕ?" ಸಿಂಧು ಕೇಳಿದಳು.

ಮುನಿತಾಯಮ್ಮ ಒಮ್ಮೆ ಚರ್ಚಿನ ಕಡೆ ನೋಡಿದಳು. "ನಾನೂ ಇಲ್ಲೇ ಪ್ರಾರ್ಥನೆ ಮಾಡೋಳು. ಕಂಡಿದ್ದನ್ನ ಮುಚ್ಚಿಟ್ಟು ಹೆಂಗೆ ಮೊಣಕಾಲೂರ್ಲಿ? ಹೇಳ್ತೀನಿ."

ವಕೀಲ ವೆಂಕಟರಾಮಪ್ಪ ಹಾಳೆಯ ಫೋಟೊ ನೋಡಿ ಫೋನನ್ನು ಪಕ್ಕಕ್ಕಿಟ್ಟರು. "ತಾಯಿ ಸಹಿ ಹಾಕಿದ್ಲು ಅಂತ ಮಗು ಹಕ್ಕು ಹೋಗಲ್ಲಮ್ಮ. ಆಟದಲ್ಲಿ ಆಗೋ ಪೆಟ್ಟು ಬೇರೆ, ಗೊತ್ತಿದ್ದೂ ಬರಿ ನೆಲದ ಮೇಲೆ ಮಗೂನ ನಿಲ್ಸೋದು ಬೇರೆ. ನಿಲ್ಸಿದೋನೂ ಉತ್ತರ ಕೊಡ್ಬೇಕು, ಕರಪತ್ರ ಹಂಚಿ ಮ್ಯಾಟು ಎತ್ಕೊಂಡೋದೋರೂ ಕೊಡ್ಬೇಕು."

ಸ್ಟೇಷನ್ನಿನಲ್ಲಿ ರಾಜಿ ಮಾಡಿಕೊಳ್ಳಿ ಎಂದರು. ಸಿಂಧು ಬೆಂಚಿನಿಂದ ಏಳಲಿಲ್ಲ. ಸಂಜೆಯ ಹೊತ್ತಿಗೆ ಮಾಸ್ಟರ್, ಸಂಜೀವಪ್ಪ ಇಬ್ಬರ ಮೇಲೂ ಕೇಸು ದಾಖಲಾಯಿತು. ಮುನಿತಾಯಮ್ಮ ಕಂಡದ್ದನ್ನು ಕಂಡ ಹಾಗೆಯೇ ಹೇಳಿದಳು. ಆ ವಾರವೇ ಅವಳನ್ನು ಕೆಲಸದಿಂದ ತೆಗೆದರು.

ಭಾನುವಾರ ಆರಾಧನೆ ಮುಗಿದು ಜನ ಹೊರಬರುವಾಗ ಸಿಂಧು ಅಂಗಳದ ನಡುವೆ ನಿಂತಿದ್ದಳು. ಪಕ್ಕದಲ್ಲಿ ಮುನಿತಾಯಮ್ಮ ಇದ್ದಳು.

"ನಿಮ್ಮ ದೇವ್ರ ಮೇಲೆ ನಂಗೆ ಕೋಪ ಇಲ್ಲ," ಸಿಂಧು ಗಟ್ಟಿಯಾಗಿ ಹೇಳಿದಳು. "ಮ್ಯಾಟು ಸಾಗ್ಸಿದೋರು ಒಳಗೆ ಕುರ್ಚಿ ಮೇಲವ್ರೆ, ನಿಜ ಹೇಳ್ದೋಳು ಬೀದೀಲವ್ಳೆ. ನಿಮ್ಮ ಮಕ್ಳೂ ಅದೇ ನೆಲದ ಮೇಲೆ ಕರಾಟೆ ಕಲ್ತವು. ನಿಮಗ್ಯಾರಿಗೂ ಏನೂ ಅನ್ನಿಸ್ತಿಲ್ವಾ?"

ಸಂಜೀವಪ್ಪ ಮೆಟ್ಟಿಲಿಳಿದು ಬಂದ. "ಏನಮ್ಮಾ, ಪವಿತ್ರ ಜಾಗದಲ್ಲಿ ಗಲಾಟೆ ಮಾಡ್ತೀಯಾ?"

ಮೂವರು ತಾಯಂದಿರು ಗುಂಪಿನಿಂದ ಬಂದು ಮುನಿತಾಯಮ್ಮನ ಪಕ್ಕ ನಿಂತರು. ಒಬ್ಬಳು ಹೇಳಿದಳು: "ಅವತ್ತು ಮ್ಯಾಟ್ ಇರ್ಲಿಲ್ಲ ಅಂತ ನನ್ನ ಮಗ್ಳೂ ಹೇಳಿದ್ಲು. ಸಾಕ್ಷಿಗೆ ನಾನೂ ಬರ್ತೀನಿ." ಮುಂದಿನ ವಾರ ಅವರೂ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬರೆಸಿಬಂದರು. ತರಗತಿಗೆ ಬೀಗ ಬಿತ್ತು. ಮುನಿತಾಯಮ್ಮನನ್ನು ಮಾತ್ರ ಯಾರೂ ಮತ್ತೆ ಕೆಲಸಕ್ಕೆ ಕರೆಯಲಿಲ್ಲ.

ಕೋರ್ಟಿನ ಮೊದಲ ದಿನಾಂಕಕ್ಕೆ ಎರಡು ದಿನ ಮುಂಚೆ ಸಂಜೀವಪ್ಪ ಹಣ್ಣಿನ ಚೀಲ ಹಿಡಿದು ಆವತಿಗೆ ಬಂದ. ಯಶಸ್ವಿನಿ ಬಾಗಿಲಲ್ಲೇ ಕೂತು ಓದುತ್ತಿದ್ದಳು. ಅವನು ಎಡಗಡೆಯಿಂದ ಎರಡು ಸಲ ಕರೆದ. ಅವಳು ತಿರುಗಲಿಲ್ಲ.

"ತಪ್ಪಾಯ್ತಮ್ಮ," ಎಂದ ಸಿಂಧುವಿಗೆ. ಈ ಸಲ ಮುಖದಲ್ಲಿ ನಗು ಇರಲಿಲ್ಲ. "ಕೇಸು ವಾಪಸ್ ತಗೊಂಡ್ರೆ..."

"ತಪ್ಪಾಯ್ತು ಅಂದ್ರಲ್ಲ, ಆ ಮಾತನ್ನ ಜಡ್ಜ್ ಮುಂದೆ ಹೇಳಿ," ಎಂದು ಸಿಂಧು ಚೀಲವನ್ನು ಅವನ ಕೈಗೇ ಹಿಂದಿರುಗಿಸಿದಳು.