‘ಅವರು’ ಅನ್ನೋ ಖಾಲಿ ಕಡೆ

ನನ್ನ ಸೊಸೆಯನ್ನು ಬೈಯುವ ಹಕ್ಕು ಈ ಭೂಮಿಯ ಮೇಲೆ ಯಾರಿಗಾದರೂ ಇದ್ದರೆ ಅದು ನನಗೊಬ್ಬಳಿಗೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ತೂರಿಸಬಾರದು.

ಅವಳು ಪಕ್ಕದ ದೇಶದವಳು. ನನ್ನ ಮಗ ಲಾರಿ ಓಡಿಸುವವನು, ಗಡಿಯಾಚೆ ಸರಕು ಇಳಿಸಲು ಹೋದವನು ಬರುವಾಗ ಇವಳನ್ನು ಮದುವೆಯಾಗಿ ಬಂದ. ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮ ಅಂಗಡಿ. ಕಿಟಕಿ ಪಕ್ಕ ಅವಳ ಹೊಲಿಗೆ ಮೆಷಿನ್ನು, ಬಾಗಿಲ ಪಕ್ಕ ನನ್ನ ಇಸ್ತ್ರಿ ಮೇಜು. ನಾವಿಬ್ಬರೂ ಎಣ್ಣೆ ಸೀಗೇಕಾಯಿ. ಅವಳು ಹೊಲಿದ ತೋಳು ನನಗೆ ಸೊಟ್ಟಗೆ ಕಾಣುತ್ತದೆ, ನಾನು ಇಸ್ತ್ರಿ ಮಾಡಿದ ಕಾಲರು ಅವಳಿಗೆ ಸೊಟ್ಟಗೆ ಕಾಣುತ್ತದೆ. ಮನೆಯೊಳಗೆ ನನ್ನ ಒಂದು ಮಾತಿಗೆ ಎರಡು ತಿರುಗಿಸಿ ಕೊಡುವ ಈ ಮಹಾತಾಯಿ ಹೊಸ್ತಿಲು ದಾಟಿದಳೋ, ಬಾಯಿಗೆ ಬೀಗ. ಅವಳ ಮಾತಿನ ಧಾಟಿಯೇ ಬೇರೆ. ಬಾಯಿ ಬಿಟ್ಟರೆ ಸಾಕು, ‘ಆಚೆಯವಳು’ ಎಂದು ಜನ ತಿರುಗಿ ನೋಡುತ್ತಾರೆ. ಅದಕ್ಕೇ ಅಂಗಡಿಗೆ ಹೋದರೂ ಬೆರಳಲ್ಲಿ ತೋರಿಸಿ ಸಾಮಾನು ತರುತ್ತಾಳೆ.

ನಮ್ಮ ದೊಡ್ಡ ಜಗಳ ಹೊಸವರ್ಷದ್ದು. ನಮ್ಮ ಕಡೆ ಆ ದಿನ ಬೆಳಗ್ಗೆ ಕಿಟಕಿ ಬಾಗಿಲೆಲ್ಲ ತೆರೆದು, ಬೀದಿಗೆ ಕೇಳುವ ಹಾಗೆ ಮನೆಮಂದಿಯ ಹೆಸರೆಲ್ಲ ಕೂಗಬೇಕು. ಅವರ ಕಡೆ ಹಿಂದಿನ ಸಂಜೆ ಬಾಗಿಲು ಹಾಕಿ, ದೀಪ ಆರಿಸಿ, ಎಲ್ಲರೂ ಸುಮ್ಮನೆ ಕೂರಬೇಕು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು ಯಾರೋ, ಅವರು ಮೊದಲ ಮಾತಾಡಿದ ಮೇಲೇ ಉಳಿದವರು ಬಾಯಿ ತೆರೆಯಬೇಕು. ನನ್ನನ್ನು ಸುಮ್ಮನೆ ಕೂರಿಸುವುದೆಂದರೇನು! ಮೊದಲ ವರ್ಷ ಕೆಮ್ಮಿದೆ, ಆಕಳಿಸಿದೆ, ಕೊನೆಗೆ “ಇದೇನು ಹಬ್ಬಾನೋ ಸಾವಿನ ಮನೇನೋ” ಎಂದು ಕೂಗಿಯೇಬಿಟ್ಟೆ. ಅವಳು ದಿನಗಟ್ಟಲೆ ಮುಖ ಗಂಟು ಹಾಕಿಕೊಂಡಿದ್ದಳು. ಬರಬರುತ್ತಾ ಎರಡೂ ರೂಢಿಗೆ ಬಂತು. ಸಂಜೆ ಅವಳದು, ಬೆಳಗ್ಗೆ ನನ್ನದು.

ಈಗ ನಮ್ಮ ಮನೆಯ ಚಿಕ್ಕವಳು ನನ್ನ ಮೊಮ್ಮಗಳು ಪಟಾಕಿ. ಹೆಸರು ಬೇರೆ ಇದೆ, ಆದರೆ ಅವಳ ಬಾಯಿ ಕೇಳಿದ ಬೀದಿಯವರೆಲ್ಲ ಕರೆಯುವುದು ಹೀಗೇ. ಮಬ್ಬುಗತ್ತಲಲ್ಲಿ ಬೇಕೆಂದೇ ನಮ್ಮನ್ನು ಕಾಯಿಸುತ್ತಾಳೆ, ಪಾಕಡಾ. ನಾನು ಒದ್ದಾಡುವುದನ್ನು ಕಣ್ತುಂಬ ನೋಡಿ, ಆಮೇಲೆ “ನಂಗೆ ಹಸಿವು” ಅನ್ನುತ್ತಾಳೆ. ಪ್ರತಿ ವರ್ಷವೂ ಅದೇ ಮಾತು.

ಅಂಥ ಪಟಾಕಿ ಮೊನ್ನೆ ಶಾಲೆಯಿಂದ ತುಟಿಪಿಟಕ್ ಎನ್ನದೆ ಬಂದಳು. ಚೀಲ ಮೂಲೆಗೆ ಎಸೆದಳು. ಅದರಿಂದ ಮುದ್ದೆಯಾದ ಒಂದು ಚಾರ್ಟು ಉರುಳಿತು. ಬಿಡಿಸಿ ನೋಡಿದೆ. ‘ನಮ್ಮ ದೇಶದ ಮತ್ತು ಪಕ್ಕದ ದೇಶದ ಹಬ್ಬಗಳನ್ನು ಹೋಲಿಸಿ’ ಎಂದು ಮೇಲೆ. ನಡುವೆ ಗೆರೆ. ಗೆರೆಯ ಈ ಕಡೆ ‘ನಾವು’, ಆ ಕಡೆ ‘ಅವರು’. ನನ್ನ ಮೊಮ್ಮಗಳು ದೀಪ ಆರಿಸುವುದು, ಕಿಟಕಿ ತೆರೆಯುವುದು, ಸುಮ್ಮನೆ ಕೂರುವುದು, ಕೂಗುವುದು, ಎಲ್ಲವನ್ನೂ ‘ನಾವು’ ಅನ್ನುವ ಕಡೆಯೇ ಚಿತ್ರ ಸಮೇತ ಬರೆದಿದ್ದಳು. ಬಾಯಿಗೆ ಬಟ್ಟೆ ತುರುಕಿಕೊಂಡ ಮುದುಕಿಯೊಬ್ಬಳ ಚಿತ್ರವೂ ಇತ್ತು, ಅದು ಯಾರೆಂದು ನಾನು ಕೇಳಲಿಲ್ಲ. ‘ಅವರು’ ಅನ್ನುವ ಕಡೆ ಪೂರ್ತಿ ಖಾಲಿ. ಅಡ್ಡಡ್ಡ ಕೆಂಪು ಶಾಯಿ: ‘ತಪ್ಪು. ಬೇರೆ ಮಾಡಿ ಬರೆ.’

“ಅವರು ಅಂದ್ರೆ ಯಾರು ಟೀಚರ್ ಅಂತ ಕೇಳ್ದೆ,” ಎಂದಳು ಪಟಾಕಿ. “ಕ್ಲಾಸಲ್ಲಿ ಎಲ್ರೂ ನಕ್ರು. ನಿಮ್ಮಮ್ಮಾನೇ ಕಣೇ ಅಂದ್ರು. ನಾಳೆ ಎಲ್ರ ಅಪ್ಪ ಅಮ್ಮ ನೋಡೋಕೆ ಬರ್ತಾರಂತೆ. ಬೇರೆ ಮಾಡಿ ಬರೀದಿದ್ರೆ ನಂದು ಗೋಡೆಗೆ ಹಾಕಲ್ವಂತೆ.”

ಸೊಸೆ ಮೆಷಿನ್ನು ನಿಲ್ಲಿಸಿದಳು. “ಹೋಗ್ಲಿ ಬಿಡು ಚಿನ್ನಾ. ನಂದನ್ನ ಆ ಕಡೆ ಬರಿ. ನಾನೇನು ಸವೆದು ಹೋಗಲ್ಲ,” ಎಂದು ಹೊಸ ಹಾಳೆ ಹಾಸಿ, ಬಟ್ಟೆ ಅಳೆಯುವ ಸ್ಕೇಲಿಟ್ಟು ತಾನೇ ನಡುವೆ ಗೆರೆ ಎಳೆದಳು.

ನನಗೆ ಮೈಯೆಲ್ಲ ಉರಿದುಹೋಯಿತು. “ನನ್ನ ಹತ್ರ ಆದ್ರೆ ಊರಗಲ ಬಾಯಿ ನಿಂಗೆ! ಅಲ್ಲಿ ಹೋಗಿ ಕೇಳೋಕಾಗಲ್ವಾ?”

“ಕೇಳಿದ್ರೆ ನನ್ನ ಮಾತು ಕೇಳಿ ಇನ್ನೂ ನಗ್ತಾರೆ ಅತ್ತೆ. ಮಗು ಅಲ್ಲೇ ಓದ್ಬೇಕು.”

ಪಟಾಕಿ ಪೆನ್ಸಿಲು ಹಿಡಿದು ಕೂತಳು. ಬರೆಯಲಿಲ್ಲ. ಹಾಳೆಯ ಮೇಲೆ ಕಣ್ಣೀರು ಬಿತ್ತು. “ಅಮ್ಮನ್ನ ಆ ಕಡೆ ಬರೆದ್ರೆ, ನಾನು ಯಾವ ಕಡೆ ಅಜ್ಜಿ?”

ಹೊಸ ಹಾಳೆ ಕಿತ್ತು ಬದಿಗಿಟ್ಟೆ. ಮುದ್ದೆಯಾಗಿದ್ದ ಹಳೆಯ ಚಾರ್ಟನ್ನು ಇಸ್ತ್ರಿ ಮೇಜಿನ ಮೇಲೆ ಹಾಸಿ, ಮೇಲೊಂದು ತೆಳು ಬಟ್ಟೆ ಮುಚ್ಚಿ, ಸುಕ್ಕೆಲ್ಲ ಹೋಗುವ ತನಕ ಇಸ್ತ್ರಿ ಹಾಕಿದೆ. “ಇದೇ ಹೋಗುತ್ತೆ. ಯಾರು ಏನಂತಾರೋ ನಾನೂ ನೋಡ್ತೀನಿ,” ಎಂದೆ.

ಮರುದಿನ ಮೂವರೂ ಹೋದೆವು. ತರಗತಿಯಲ್ಲಿ ಅಪ್ಪಂದಿರು, ಅಮ್ಮಂದಿರು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿ ತುರುಕಿಕೊಂಡು ಕೂತಿದ್ದರು. ಟೀಚರು ಮೇಜಿನ ಮೇಲೆ ಗೋಂದು, ಕತ್ತರಿ ಹರಡಿಕೊಂಡು ಚಾರ್ಟು ಅಂಟಿಸುತ್ತಿದ್ದಳು. ಚಿಕ್ಕ ವಯಸ್ಸಿನ ಹುಡುಗಿ, ಪಾಪ, ಹೆಡ್‌ಮಾಸ್ಟರ ಮುಖ ನೋಡಿಕೊಂಡೇ ಉಸಿರಾಡುವವಳು. ಸೊಸೆ ತಲೆ ತಗ್ಗಿಸಿ ಬಾಗಿಲಲ್ಲೇ ನಿಂತಳು. ನಾನು ಸೀದಾ ಹೋಗಿ ಚಾರ್ಟನ್ನು ಮೇಜಿನ ಮೇಲೆ ಹಾಸಿದೆ.

ಪಕ್ಕದಲ್ಲೇ ನಿಂತಿದ್ದ ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡರು. “ನೋಡಿ ಅಮ್ಮಾ, ಹೋಲಿಕೆ ಅಂದ್ಮೇಲೆ ಎರಡು ಕಡೆ ಇರ್ಲೇಬೇಕು. ಪಾಠ ಇರೋದೇ ಹಾಗೆ.”

“ಪಾಠ ಬೇಡ ಅಂದೋರ್ಯಾರು ಸಾರ್? ಎರಡು ಹಬ್ಬಾನೂ ಬರ್ದಿದಾಳೆ. ಒಂದರಲ್ಲಿ ಕೂಗ್ಬೇಕು, ಇನ್ನೊಂದರಲ್ಲಿ ಸುಮ್ನಿರ್ಬೇಕು. ಇನ್ನೇನು ಹೋಲಿಸ್ಬೇಕು?”

“ಯಾವುದು ಯಾರದು ಅಂತ ಇಲ್ವಲ್ಲ.” ಅವರು ನನ್ನ ಕೈಗೆ ಪೆನ್ನು ಕೊಟ್ಟರು. “ನೀವೇ ಗುರುತು ಹಾಕಿ. ಈ ದೀಪ ಆರಿಸಿ ಸುಮ್ನೆ ಕೂರೋದು ಯಾರ ಪದ್ಧತಿ?”

ಬೆಂಚಿನಲ್ಲಿದ್ದವರೆಲ್ಲ ತಿರುಗಿ ಬಾಗಿಲ ಕಡೆ ನೋಡಿದರು. ಸೊಸೆಯ ಕಿವಿ ಕೆಂಪಾಗಿತ್ತು.

“ನಂದು,” ಎಂದೆ.

“ನಿಮ್ಮದಾ?”

“ಹೋದ ವರ್ಷ ದೀಪ ಆರಿಸಿದ್ದು ನಾನು. ಬಾಗಿಲು ಹಾಕಿದ್ದು ನಾನು. ಬಾಯಿ ಮುಚ್ಕೊಂಡು ಕೂತಿದ್ದೂ ನಾನೇ, ಆ ಕಷ್ಟ ನಂಗೊಬ್ಬಳಿಗೇ ಗೊತ್ತು. ನಂದಲ್ದೆ ಇನ್ಯಾರದು?”

ಹಿಂದೆ ಯಾರೋ ಕಿಸಕ್ಕೆಂದರು. ಹೆಡ್‌ಮಾಸ್ಟರು ನಗಲಿಲ್ಲ. “ಹಾಗಾದ್ರೆ ಈ ಕಿಟಕಿ ತೆಗೆದು ಕೂಗೋದು?”

ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಕಡೆಯಿಂದ ಉತ್ತರ ಬಂತು.

“ಅದು ನಂದು.”

ಮೆಲ್ಲಗಲ್ಲ, ನನ್ನ ಜೊತೆ ಜಗಳಕ್ಕೆ ನಿಂತಾಗ ಏರಿಸುವ ಅದೇ ದನಿ, ಅದೇ ಆಚೆಯ ಧಾಟಿ. “ವರ್ಷ ವರ್ಷ ಎಲ್ಲರಿಗಿಂತ ಮೊದಲು ಕಿಟಕಿ ತೆಗೆಯೋದು ನಾನು. ನಮ್ಮತ್ತೆ ಹೆಸರನ್ನ ಬೀದಿಗೆ ಕೇಳೋ ಹಾಗೆ ಕೂಗೋದೂ ನಾನೇ. ಅದು ನಂದೇ.”

ತರಗತಿಯಲ್ಲಿ ಯಾರೂ ನಗಲಿಲ್ಲ. ಹೆಡ್‌ಮಾಸ್ಟರು ಚಾರ್ಟು ನೋಡಿದರು, ನನ್ನನ್ನು ನೋಡಿದರು, ಅವಳನ್ನು ನೋಡಿದರು. ಟೀಚರು ಬಗ್ಗಿ ಪಟಾಕಿಯನ್ನು ಕೇಳಿದಳು, “ನೀನೇ ಹೇಳು ಪುಟ್ಟಾ. ಏನ್ ಮಾಡೋಣ?”

ಪಟಾಕಿ ತಕ್ಷಣ ಹೇಳಲಿಲ್ಲ. ಆ ಮುಖ ನನಗೆ ಚೆನ್ನಾಗಿ ಗೊತ್ತು. ಕತ್ತಲಲ್ಲಿ ನಮ್ಮನ್ನೆಲ್ಲ ಕಾಯಿಸುವಾಗಿನ ಮುಖ ಅದು. ಅಷ್ಟೂ ಜನ ಅವಳ ಬಾಯನ್ನೇ ನೋಡುತ್ತಿದ್ದರು. ಅವಳು ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು ನಡುವಿನ ಗೆರೆಯ ಮೇಲೇ ಕರಕರ ಕತ್ತರಿಸಿದಳು. ಒಂದಿಷ್ಟೂ ಸೊಟ್ಟಗಾಗಲಿಲ್ಲ, ಯಾರ ಮಗಳು ಹೇಳಿ! ‘ಅವರು’ ಎಂದು ಬರೆದ ಖಾಲಿ ತುಂಡನ್ನು ಹೆಡ್‌ಮಾಸ್ಟರ ಕೈಗೆ ಕೊಟ್ಟಳು.

“ಇದರಲ್ಲಿ ಯಾರೂ ಇಲ್ಲ ಸಾರ್. ನೀವೇ ಇಟ್ಕೊಳ್ಳಿ.”

“ಮಾರ್ಕ್ಸ್ ಹೋಗುತ್ತೆ,” ಎಂದರು ಅವರು.

“ಹೋಗ್ಲಿ.”

ಟೀಚರು ಈ ಸಲ ಹೆಡ್‌ಮಾಸ್ಟರ ಮುಖ ನೋಡಲಿಲ್ಲ. ಉಳಿದ ತುಂಡಿನ ಹಿಂದೆ ಗೋಂದು ಬಳಿದು, ಕುರ್ಚಿ ಹತ್ತಿ, ಗೋಡೆಯ ನಡುಮಧ್ಯೆ ಅಂಟಿಸಿ, ಅಂಗೈಯಿಂದ ಒತ್ತಿದಳು.

ಸೊಸೆ ಬಾಗಿಲು ಬಿಟ್ಟು ಒಳಗೆ ಬಂದಳು. ಬೆಂಚುಗಳ ನಡುವೆ ನಡೆದು ಬಂದು, ನನ್ನ ಪಕ್ಕ ನಿಂತು, ಚಾರ್ಟನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅಷ್ಟೂ ಜನರ ಎದುರಿಗೆ, ಆ ತನ್ನದೇ ಧಾಟಿಯಲ್ಲಿ, ಗಟ್ಟಿಯಾಗಿ ಹೇಳಿದಳು:

“ಇಸ್ತ್ರಿ ಕಾಯೋದು ಜಾಸ್ತಿ ಆಗಿದೆ ಅತ್ತೆ. ಮೂಲೆ ಕಂದಿದೆ ನೋಡಿ.”